ತೇರಣಾ ತೀರದ ಗಾಳಬೇಟೆ: ಮಾಕಣಿ ಮತ್ತು ಅದರ ಸುತ್ತಲಿನ ಸಿಹಿನೀರು

ಜನವಸತಿಯಿಂದ ದೂರವಿರುವ ಕೆರೆ, ಹೊಳೆ, ಜಲಾಶಯಗಳ ದಡಕ್ಕೆ ಹೋಗಿ, ಒಂದೆರಡು ದಿನ ಅಲ್ಲಿಯೇ ತಂಗಿ, ಗಾಳದಿಂದ ಮೀನು ಹಿಡಿಯುವ ವಿನೋದವು ನಮ್ಮ ದೇಶಕ್ಕೆ ಆಂಗ್ಲರ ಸಂಪರ್ಕದಿಂದ ಬಂದದ್ದೆಂಬ ಭಾವನೆ ವಿದ್ಯಾವಂತರಲ್ಲಿ ಸಾಮಾನ್ಯವಾಗಿದ್ದರೂ, ಅದರ ಶಾಸ್ತ್ರವನ್ನು ಕ್ರಮವಾಗಿ ಬರೆದಿಟ್ಟ ಪ್ರಾಚೀನ ಗ್ರಂಥವೊಂದು ಕನ್ನಡ ನಾಡಿನ ಅರಸನ ಹೆಸರಿನಲ್ಲಿಯೇ ಉಂಟು. ಆ ಅರಸನ ರಾಜಧಾನಿಯೂ, ಈ ಲೇಖನಕ್ಕೆ ಕೇಂದ್ರವಾದ ಮಾಕಣಿಯ ನೀರೂ, ಒಂದೇ ಕರಿಯ ನೆಲದ ಮೇಲೆ, ಬಂಡಿಯ ಕಾಲದಲ್ಲಿಯೂ ಅತಿ ದೂರವೆನಿಸದ ಅಂತರದಲ್ಲಿವೆ. ಮಹಾರಾಷ್ಟ್ರದ ಮರಾಠವಾಡಾ ವಿಭಾಗದ ಅಂಚಿನಲ್ಲಿ, ಉಮರಗಾ, ನಿಲಂಗಾ, ಉದಗೀರಗಳೆಂಬ ಮೂರು ಊರುಗಳ ಸುತ್ತಣ ಸೀಮೆಯಲ್ಲಿ ಹರಿಯುವ ತೇರಣಾ ನದಿ, ಅದಕ್ಕೆ ಮಾಕಣಿಯ ಬಳಿ ಕಟ್ಟಿರುವ ನಿಮ್ನ ತೇರಣಾ ಜಲಾಶಯ, ಆ ನದಿಯನ್ನು ತನ್ನಲ್ಲಿ ಕೂಡಿಸಿಕೊಂಡು ಬೀದರ ಜಿಲ್ಲೆಗೆ ಇಳಿಯುವ ಮಾಂಜರಾ, ಇವುಗಳ ಮೀನು, ಮೀನುಗಾರರು ಮತ್ತು ಅಲ್ಲಿಗೆ ಗಾಳ ಹಿಡಿದು ಬರುವವರ ಸಂಗತಿ ಇಲ್ಲಿಯ ವಿಷಯ.

ಬಾಲಾಘಾಟದ ಬೆಟ್ಟಸಾಲಿನಲ್ಲಿ ಹುಟ್ಟುವ ತೇರಣಾ, ಪ್ರಾಚೀನ ಕಾಲದಲ್ಲಿ ತಗರವೆಂದು ಹೆಸರಾಗಿ ಗ್ರೀಕ್ ನಾವಿಕರ ಬರಹದಲ್ಲಿಯೂ ಉಲ್ಲೇಖಗೊಂಡ, ಮುಂದೆ ಸಂತ ಗೋರಾ ಕುಂಬಾರನ ಊರೆಂದು ಪ್ರಸಿದ್ಧವಾದ ತೇರ ಗ್ರಾಮದ ಪಕ್ಕದಿಂದ ಹಾಯ್ದು, ಪೂರ್ವ ದಕ್ಷಿಣಾಭಿಮುಖವಾಗಿ ಮಾಕಣಿ, ಕಿಲ್ಲಾರಿಗಳ ನೆಲವನ್ನು ದಾಟಿ, ನಿಲಂಗಾ ತಾಲ್ಲೂಕಿನ ಔರಾದ ಶಹಾಜನಿಯ ಪರಿಸರದಲ್ಲಿ ಮಾಂಜರಾ ನದಿಯನ್ನು ಸೇರುತ್ತದೆ. ಮಾಂಜರಾ ತಾನೂ ಬಾಲಾಘಾಟದ ಮಗಳೇ. ಬೀಡ ಜಿಲ್ಲೆಯ ಪಾಟೋದಾ ಭಾಗದಲ್ಲಿ ಹುಟ್ಟಿ, ಲಾತೂರ ಸೀಮೆಯನ್ನು ಸುತ್ತಿ, ಬೀದರ ಜಿಲ್ಲೆಯನ್ನು ಹಾಯ್ದು, ತೆಲಂಗಾಣದಲ್ಲಿ ಸಿಂಗೂರು ಮತ್ತು ನಿಜಾಮ ಸಾಗರಗಳನ್ನು ತುಂಬಿ, ಸುಮಾರು 724 ಕಿಲೋಮೀಟರುಗಳ ಪಯಣದ ತರುವಾಯ ಗೋದಾವರಿಯಲ್ಲಿ ಲೀನವಾಗುತ್ತದೆ. ಉದಗೀರದ ಕಡೆಯಿಂದ ಲೇಂಡಿ, ಬೀದರದ ಕಡೆಯಿಂದ ಕಾರಂಜಾ ಇದಕ್ಕೆ ಬಂದು ಸೇರುವ ಉಪನದಿಗಳು. ಉಮರಗಾದ ದಕ್ಷಿಣಕ್ಕೆ ನೆಲದ ಇಳಿಜಾರು ತಿರುಗುತ್ತದೆ. ಆಳಂದದ ಕಡೆಗೆ ಇಳಿಯುವ ಹಳ್ಳಗಳ ನೀರು ಭೀಮೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಹೀಗೆ ಒಂದೇ ದಿಬ್ಬದ ಮೇಲೆ ಬಿದ್ದ ಮಳೆಹನಿಗಳಲ್ಲಿ ಕೆಲವು ಗೋದಾವರಿಯ ಪಾಲು, ಕೆಲವು ಕೃಷ್ಣೆಯ ಪಾಲು ಆಗುವುದರಿಂದ, ಈ ಪುಟ್ಟ ಪ್ರದೇಶದ ಮೀನುಗಳಲ್ಲಿ ಎರಡು ಮಹಾನದಿಗಳ ಸಂತತಿಯನ್ನೂ ನೋಡಲು ಸಾಧ್ಯವಾಗಿದೆ.

ನಾಡಿನ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿಯಾದರೂ ಹೇಳದೆ ಮುಂದುವರಿಯುವಂತಿಲ್ಲ. ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿಯೆಂದು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿ ಹೇಳಿದಾಗ ಈ ತೇರಣಾ ಬಯಲು ಆ ಎಲ್ಲೆಯ ಒಳಗೆ ಸೇರಿದ್ದಿತು. ರಾಷ್ಟ್ರಕೂಟರು ತಮ್ಮ ಮೂಲಸ್ಥಾನವೆಂದು ಬಿರುದಿನಲ್ಲಿ ಹೊತ್ತ ಲತ್ತಲೂರು ಇಂದಿನ ಲಾತೂರವೆಂದು ವಿದ್ವಾಂಸರು ಗುರುತಿಸುತ್ತಾರೆ. ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿ ನಿಲಂಗಾ, ಉದಗೀರಗಳು ಬೀದರ ಜಿಲ್ಲೆಗೂ, ಉಮರಗಾ ಉಸ್ಮಾನಾಬಾದು ಜಿಲ್ಲೆಗೂ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರದ ಒಂದು ಭಾಗ ಮೈಸೂರಿಗೆ ಬಂದರೆ, ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮರಾಠವಾಡಾದೊಡನೆ ಮುಂಬಯಿ ರಾಜ್ಯಕ್ಕೆ ಹೋದುವು. 1982ರಲ್ಲಿ ಲಾತೂರ ಪ್ರತ್ಯೇಕ ಜಿಲ್ಲೆಯಾಯಿತು. ಉಸ್ಮಾನಾಬಾದಿಗೆ 2023ರಲ್ಲಿ ಧಾರಾಶಿವವೆಂಬ ಹೆಸರು ಬಂದಿತು. ಗಡಿಗಳು ಸರಿದಾಡಿದರೂ ಮನೆಯ ಮಾತು ಸರಿಯಲಿಲ್ಲ. ಇಂದಿಗೂ ಈ ಮೂರು ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮರಾಠಿ, ಬಾಜಾರದಲ್ಲಿ ಎರಡರ ಜೊತೆಗೆ ದಖ್ಖನಿ ಉರ್ದು ಎಂಬ ಏರ್ಪಾಡು ಸಹಜವಾಗಿ ನಡೆದುಕೊಂಡು ಬಂದಿದೆ.

ಉಮರಗಾದಿಂದ ಪೂರ್ವಕ್ಕೆ ಎರಡು ಮೂರು ಗಾವುದಗಳ ಅಂತರದಲ್ಲಿರುವ ಕಲ್ಯಾಣದಲ್ಲಿ, 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದಿನವನು, ಸುಮಾರು 1129ರಿಂದ 1131ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅಭಿಲಷಿತಾರ್ಥ ಚಿಂತಾಮಣಿಯೆಂಬ ಇನ್ನೊಂದು ಹೆಸರಿಗೆ ತಕ್ಕಂತೆ ಅರಸನಿಗೆ ಬೇಕಾದ ಸಮಸ್ತ ವಿದ್ಯೆ, ಭೋಗ, ವಿನೋದಗಳನ್ನೂ ಒಳಗೊಂಡ ವಿಶ್ವಕೋಶ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಭಾಗಗೊಂಡ ಆ ಗ್ರಂಥದ ವಿನೋದ ವಿಂಶತಿಯಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಮೀನುಗಳನ್ನು ಸಮುದ್ರದವು ನದಿಯವು ಎಂದೂ, ಹುರುಪೆಯುಳ್ಳವು ಇಲ್ಲದವು ಎಂದೂ, ಗಾತ್ರದಲ್ಲಿ ಹಿರಿದು ನಡುವಣದು ಕಿರಿದು ಎಂದೂ ವಿಂಗಡಿಸಿ, 30ಕ್ಕೂ ಮಿಕ್ಕ ಜಾತಿಗಳನ್ನು ಹೆಸರಿಸಿ, ಯಾವ ಜಾತಿ ಯಾವ ನೀರಿನಲ್ಲಿ ವಾಸಿಸುತ್ತದೆ, ಯಾವುದಕ್ಕೆ ಏನು ಆಹಾರ, ಗಾಳದ ದಾರ ಹೇಗಿರಬೇಕು, ಕೋಲು ಎಂತಹದು, ದಾರದ ಮೇಲಿನ ಬೆಂಡು ಹೇಗೆ ಅಲುಗಿದಾಗ ಎಳೆಯಬೇಕು ಎಂಬ ವಿವರಗಳನ್ನು ಅಲ್ಲಿ ಹೇಳಿದೆ. ಅದರಲ್ಲಿ ಅತ್ಯಂತ ಗಮನಾರ್ಹವಾದುದು, ಗಾಳ ಹಾಕುವ ಮೊದಲು ಒಂದೇ ಸ್ಥಳದಲ್ಲಿ ಒಂದೇ ಹೊತ್ತಿಗೆ ಮೀನಿಗೆ ಉಂಡೆಗಳನ್ನು ಎರಚಿ, ಅವುಗಳಿಗೆ ಆ ತಾಣದ ರೂಢಿ ಹಿಡಿಸಬೇಕೆಂಬ ಸೂಚನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣವನ್ನು ವಿವರವಾಗಿ ಪರಿಚಯಿಸಿದ ಮೇಲೆ ಜಗತ್ತಿನ ವಿದ್ವಾಂಸರ ಲಕ್ಷ್ಯ ಇದರತ್ತ ಹರಿಯಿತು. ಗಾಳವನ್ನು ಕುರಿತು ಆಂಗ್ಲ ಭಾಷೆಯಲ್ಲಿ ಅಚ್ಚಾದ ಮೊದಲ ಪ್ರಬಂಧದ ವರ್ಷ 1496. ಐಸಾಕ್ ವಾಲ್ಟನ್ನನ ಸುವಿಖ್ಯಾತ ಕೃತಿ 1653ರದು. ಕಲ್ಯಾಣದ ಅರಸನು ಇವುಗಳಲ್ಲಿ ಮೊದಲನೆಯದಕ್ಕಿಂತಲೂ ಮೂರೂವರೆ ಶತಮಾನ ಹಿಂದಿನವನು.

ಆದರೆ ಅರಸನಿಗೆ ಈ ತಿಳಿವು ಎಲ್ಲಿಂದ ಬಂದಿತು? ಬೆಂಡು ಒಮ್ಮೆ ಅದುರಿದರೆ ಏನು, ಮುಳುಗಿದರೆ ಏನು ಎಂಬುದು ಸಿಂಹಾಸನದ ಮೇಲೆ ಕುಳಿತು ಕಲಿಯುವ ವಿದ್ಯೆಯಲ್ಲ. ಹಗಲಿರುಳು ನೀರಿನ ಮೇಲೆ ಬಾಳುವವರಿಂದ ಕೇಳಿ ತಿಳಿದು ಬರೆಯಿಸಿದ್ದೇ ಇರಬೇಕೆಂದು ಈ ಲೇಖಕನ ದೃಢವಾದ ಅಭಿಪ್ರಾಯ. ಸೋಮೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದ ಶರಣರ ಸಮೂಹದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು, ವಿದ್ವಾಂಸರನ್ನೂ ಒಡೆಯರನ್ನೂ ಎದುರಿಸಿ ನಿಂತು ಮಾತಾಡಿದನೆಂಬುದನ್ನು ನೆನೆದರೆ, ಹುಟ್ಟು ಹಾಕುವ ಕೈಗೂ ಲೇಖನಿ ಹಿಡಿಯುವ ಕೈಗೂ ಆ ಶತಮಾನದಲ್ಲಿ ಇದ್ದ ಸಾಮೀಪ್ಯ ಅರ್ಥವಾಗುತ್ತದೆ. ನೀರಿನ ವಿದ್ಯೆಯಲ್ಲಿ ಗ್ರಂಥಸ್ಥವಾದುದು ಅಲ್ಪ, ಮೀನುಗಾರ ಕುಲಗಳ ಕೈಯಲ್ಲಿ ಕಣ್ಣಿನಲ್ಲಿ ಉಳಿದು ಬಂದುದು ಅಧಿಕ. ಮಾಕಣಿಯಲ್ಲಿ ಇಂದಿಗೂ ಸ್ಥಿತಿ ಹಾಗೆಯೇ ಇದೆ. ಪಟ್ಟಣದಿಂದ ಬರುವ ಗಾಳಗಾರನು ಎಷ್ಟು ಬೆಲೆಯ ಕೋಲು ತಂದರೂ, ಯಾವ ಮೂಲೆಯಲ್ಲಿ ಕುಳಿತುಕೊಳ್ಳಬೇಕೆಂಬುದಕ್ಕೆ ಆ ಮೀನುಗಾರರನ್ನೇ ಕೇಳಬೇಕು.

ಮರಾಠವಾಡಾದಲ್ಲಿ ಈ ವೃತ್ತಿಯವರು ಮುಖ್ಯವಾಗಿ ಭೋಯಿ ಮತ್ತು ಕೋಳಿ ಜನ. ಗಡಿಯ ಈಚೆಗೆ ಬೀದರ, ಕಲಬುರಗಿಗಳಲ್ಲಿ ಅಂಬಿಗ, ಕಬ್ಬಲಿಗ, ಗಂಗಾಮತಸ್ಥರೆಂಬ ಹೆಸರುಗಳುಂಟು. ಜಲಾಶಯದ ನೀರು ನೀರಾವರಿ ಇಲಾಖೆಯದಾದರೂ, ಅದರಲ್ಲಿನ ಮೀನಿನ ಹಕ್ಕನ್ನು ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆಯಾಗಿ ಕೊಡುವುದು ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ನಡೆದು ಬಂದ ಪದ್ಧತಿ. ಗುತ್ತಿಗೆಯ ಹಣವನ್ನೂ ಬಿತ್ತನೆ ಮರಿಗಳ ಬೆಲೆಯನ್ನೂ ತಮ್ಮ ಗಳಿಕೆಯಿಂದ ತುಂಬುವ ಈ ಸಂಘದ ಸದಸ್ಯರಿಗೆ, ದಡದಲ್ಲಿ ಕೋಲು ನೆಟ್ಟು ಕುಳಿತ ಅಪರಿಚಿತನು ಹಿಡಿಯುವ ಒಂದೊಂದು ಮೀನೂ ಲೆಕ್ಕದೊಳಗಿನದೇ. ಆದಕಾರಣ ಮೊದಲು ಅವರನ್ನು ಕಂಡು, ಕೇಳಿ, ಕೊಡಬೇಕಾದುದನ್ನು ಕೊಟ್ಟು, ಅನಂತರ ಗಾಳ ಬಿಚ್ಚುವುದು ಸಭ್ಯತೆ ಮಾತ್ರವಲ್ಲ, ನ್ಯಾಯವೂ ಹೌದು. “ಕಾಕಾ, ನೀರು ಯಾ ಕಡಿ ಇಳೀಲತದ?” ಎಂದು ಕೇಳಿ ಮಾತು ತೆಗೆದವನಿಗೆ, ಯಾವ ಓಣಿಯಲ್ಲಿ ಹಳೆಯ ಬಾವಿಯ ಕಟ್ಟೆ ಮುಳುಗಿದೆ, ಎಲ್ಲಿ ಜಾಲಿಯ ಬೇರು ದಾರವನ್ನು ಹಿಡಿಯುತ್ತದೆ, ಯಾವ ದಂಡೆಯ ಕೆಸರು ಹೊರಗೆ ಒಣಗಿದಂತೆ ಕಂಡು ಒಳಗೆ ಸೊಂಟದವರೆಗೆ ಎಳೆಯುತ್ತದೆ ಎಂಬುದೆಲ್ಲ ಚಹದ ಒಂದು ಬಟ್ಟಲಿನ ಹೊತ್ತಿನಲ್ಲಿ ತಿಳಿದುಬರುತ್ತದೆ. ಕೊನೆಯದನ್ನು ಉದಾಸೀನ ಮಾಡಕೂಡದು. ಎರೆಮಣ್ಣಿನ ಜಲಾಶಯಗಳಲ್ಲಿ ನೀರು ಹಿಂಜರಿದ ದಂಡೆಯು ಅತ್ಯಂತ ಅಪಾಯಕರವಾದುದು.

ಮಾಕಣಿಯ ಅಣೆಕಟ್ಟು ಮಣ್ಣಿನದು. ಎತ್ತರ ಹೆಚ್ಚಿಲ್ಲ, ಬಯಲು ಸೀಮೆಯಾದುದರಿಂದ ನೀರು ಆಳಕ್ಕಿಂತ ಅಗಲಕ್ಕೆ ಹರಡಿ, ಹೊಲಗಳ ನಡುವೆ ಬೆರಳುಗಳಂತೆ ಚಾಚಿಕೊಂಡು ನಿಲ್ಲುತ್ತದೆ. ಈ ಸೀಮೆಯ ಹೆಸರು ಹೇಳಿದೊಡನೆ ಯಾರಿಗೂ ಮೊದಲು ನೆನಪಾಗುವುದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆ ನಡೆದ ರಾತ್ರಿಯೇ, 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿ, ಸಾಸ್ತೂರಗಳನ್ನು ನೆಲಸಮ ಮಾಡಿ ಸಾವಿರಾರು ಜನರನ್ನು ನಿದ್ರೆಯಲ್ಲಿಯೇ ಕೊಂದ ಭೂಕಂಪ. ಕಲ್ಲು ಮಣ್ಣುಗಳ ದಪ್ಪ ಗೋಡೆಯ ಮನೆಗಳೇ ಮಲಗಿದ್ದವರ ಮೇಲೆ ಬಿದ್ದುವು. ಹೊಸದಾಗಿ ತುಂಬಿದ್ದ ನಿಮ್ನ ತೇರಣಾ ಜಲಾಶಯದ ನೀರಿನ ಭಾರಕ್ಕೂ ಆ ಕಂಪನಕ್ಕೂ ಸಂಬಂಧವಿತ್ತೇ ಎಂಬ ಪ್ರಶ್ನೆಯನ್ನು ಭೂವಿಜ್ಞಾನಿಗಳು ಎತ್ತಿ, ಬಹುಕಾಲ ಚರ್ಚಿಸಿದ್ದಾರೆ. ಇಂದು ಜಲಾಶಯದ ಕಡೆಗೆ ಹೋಗುವ ದಾರಿಯಲ್ಲಿ ಕಾಣುವ, ನೇರ ಬೀದಿಗಳ, ಒಂದೇ ಅಳತೆಯ ಮನೆಗಳ ಊರುಗಳು ಆ ದುರಂತದ ತರುವಾಯ ಬೇರೆಡೆ ಕಟ್ಟಿಕೊಟ್ಟವು. ಇಲ್ಲಿಗೆ ವಿನೋದಕ್ಕಾಗಿ ಬರುವವನು ಇದನ್ನು ತಿಳಿದು ಬರುವುದು ಮೇಲು. ಈ ದಡದ ವೃದ್ಧರ ಮಾತು ಒಮ್ಮೊಮ್ಮೆ ನಡುವೆ ನಿಂತುಬಿಡುವುದಕ್ಕೆ ಕಾರಣವು ಅವನಿಗೆ ಹೊಳೆದೀತು.

ಮೀನುಗಳ ವಿಷಯಕ್ಕೆ ಬಂದರೆ, ಇಂದು ಜಲಾಶಯದಲ್ಲಿ ಪ್ರಧಾನವಾದವು ನದಿಯ ಮೂಲನಿವಾಸಿಗಳಲ್ಲ. ಕಾಟ್ಲಾ, ರೋಹು, ಮೃಗಾಲ ಎಂಬ ಮೂರು ಗೆಂಡೆ ಜಾತಿಗಳು ಮುಖ್ಯವಾಗಿ ಉತ್ತರದ ಬಯಲಿನ ಮಹಾನದಿಗಳವು. ನಿಂತ ನೀರಿನಲ್ಲಿ ಇವು ಬೆಳೆಯುತ್ತವೆಯೇ ಹೊರತು ಮೊಟ್ಟೆಯಿಡುವುದಿಲ್ಲ, ಅದಕ್ಕೆ ಮುಂಗಾರಿನ ಪ್ರವಾಹವೇ ಬೇಕು. ನದಿಗಳಿಂದ ಮರಿಗಳನ್ನು ಹಿಡಿದು ತರುವುದೊಂದೇ ಮಾರ್ಗವಾಗಿದ್ದ ಕಾಲ ಹೋದುದು, 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ ಚೌಧುರಿಯವರು, ಸಹೋದ್ಯೋಗಿ ಅಲಿಕುಂಞಿಯವರೊಡನೆ, ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದ ದಿನದಿಂದ. ಆ ದಿನವನ್ನು ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಮಾಕಣಿಯಂತಹ ನೂರಾರು ಜಲಾಶಯಗಳಿಗೆ ಬೆರಳುದ್ದದ ಬಿತ್ತನೆ ಮರಿಗಳನ್ನು ತಂದು ಬಿಡುವ ಏರ್ಪಾಡೆಲ್ಲ ಆ ಪ್ರಯೋಗದ ಫಲ. 1952ರಲ್ಲಿ ಆಫ್ರಿಕದ ಮೂಲದ ತಿಲಾಪಿಯಾ ಭಾರತಕ್ಕೆ ಬಂದಿತು. ಜಿಲೇಬಿ ಮೀನೆಂದು ಪೇಟೆಯವರು ಕರೆಯುವ ಇದು ಯಾರೂ ಬಿಡದೆಯೂ ಹಬ್ಬುತ್ತದೆ, ಸಣ್ಣದರಲ್ಲಿಯೇ ಮೊಟ್ಟೆಯಿಡುತ್ತದೆ, ಉಳಿದ ಮೀನುಗಳ ಮೇವನ್ನು ತಿನ್ನುತ್ತದೆ.

ನದಿಯ ಹಳೆಯ ಸಂತತಿಯಲ್ಲಿ ಉಳಿದವರ ಪೈಕಿ ಮೊದಲು ಹೇಳತಕ್ಕದ್ದು ಮರಳ. ಕನ್ನಡದ ಬೇರೆ ಸೀಮೆಗಳಲ್ಲಿ ಕೊರವ ಎನ್ನುವ ಈ ಹಾವುತಲೆಯ ಮೀನು ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಉಸಿರಾಡುವುದರಿಂದ, ಕೆಸರಾದ, ಉಸಿರು ಕಟ್ಟುವ ನೀರಿನಲ್ಲಿಯೂ ಬಾಳುತ್ತದೆ. ಗಂಡು ಹೆಣ್ಣುಗಳೆರಡೂ ಮರಿಗಳನ್ನು ಕಾಯುತ್ತವೆ. ಬೇಸಿಗೆಯ ಕೊನೆಗೂ ಮಳೆಯ ಮೊದಲಿಗೂ ಜೊಂಡಿನ ಅಂಚಿನಲ್ಲಿ, ಅಂಗೈಯಗಲದ ಕೆಂಪು ಮೋಡದಂತೆ ನೂರಾರು ಮರಿಗಳು ಒಟ್ಟಾಗಿ ಮೇಲೆದ್ದು, ಗುಳುಗುಳು ಮಾಡಿ, ಮತ್ತೆ ಮುಳುಗುವುದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರೆ, ಅವುಗಳ ಕೆಳಗೆ ಮೊಳದುದ್ದದ ಕಪ್ಪು ನೆರಳು ನಿಧಾನವಾಗಿ ತಿರುಗುವುದು ಕಾಣುತ್ತದೆ. ಆ ಹೊತ್ತಿನಲ್ಲಿ ಮರಿಗಳ ನಡುವೆ ಕಪ್ಪೆಯ ಗಾಳ ಬಿದ್ದರೆ, ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ಸಿಟ್ಟಿನಿಂದಲೇ ತಾಯಿತಂದೆಗಳು ಅದನ್ನು ಕಚ್ಚುತ್ತವೆ. ಹಿಡಿಯುವುದು ಅತಿ ಸುಲಭ. ಹಿಡಿದ ಗಳಿಗೆಯಿಂದ ಮರಿಗಳು ಅನಾಥವಾಗಿ, ಜಿಲೇಬಿ ಮೀನು, ಬೆಳ್ಳಕ್ಕಿ, ನೀರುಕಾಗೆಗಳ ಪಾಲಾಗುತ್ತವೆ. ಮರಿಗಳ ಮೇಲಿನ ಮರಳನ್ನು ಹಿಡಿಯದಿರುವುದು ಈ ನೀರಿಗೆ ಹೋಗುವವನು ಪಾಲಿಸಬೇಕಾದ ಮೊದಲ ನಿಯಮವೆಂದು ನಿಸ್ಸಂದೇಹವಾಗಿ ಹೇಳಬಹುದು. ಈ ಮೀನಿನ ಮರಿಗೆ ಇನ್ನೊಂದು ಪ್ರಸಿದ್ಧಿಯೂ ಉಂಟು. ಹೈದರಾಬಾದಿನಲ್ಲಿ ಮೃಗಶಿರಾ ಪ್ರವೇಶದ ದಿನ ಉಬ್ಬಸದ ರೋಗಿಗಳಿಗೆ ಔಷಧವನ್ನು ಇದರ ಜೀವಂತ ಮರಿಯ ಬಾಯಲ್ಲಿಟ್ಟು ನುಂಗಿಸುವ ರೂಢಿಯಿದ್ದು, ನೆರೆಯ ರಾಜ್ಯಗಳಿಂದಲೂ ಜನ ಅಲ್ಲಿಗೆ ಹೋಗುತ್ತಾರೆ.

ಬಾಳೆಮೀನು ಎರಡನೆಯದು: ಹುರುಪೆಯಿಲ್ಲದ, ಬೆಳ್ಳಿಯ ಪಟ್ಟಿಯಂತಹ ಮೈಯ, ಅಗಲ ಬಾಯಿಯ ಹಿಂಸ್ರ ಜೀವಿ, ರಾತ್ರಿ ಬೇಟೆಯಾಡುತ್ತದೆ, ಜೀವಂತ ಸಣ್ಣ ಮೀನಿಗೆ ಬೇಗ ಮನಸೋಲುತ್ತದೆ. ಮೀಸೆಯುಳ್ಳ ಗಿರಲು, ಬಂಡೆಯ ಸಂದಿಗಳ ಹಾವುಮೀನು, ಕಾಗೆಮೀನೆಂಬ ಕಪ್ಪು ಗೆಂಡೆ, ಮತ್ತು ಬಗೆಬಗೆಯ ಪರಕಿಗಳು ಉಳಿದವು. ದಖ್ಖನಿನ ಮೀನುಗಳನ್ನು ಆಧುನಿಕ ಶಾಸ್ತ್ರದ ಕಣ್ಣಿನಿಂದ ಮೊದಲು ವಿವರಿಸಿದವನು ಕರ್ನಲ್ ಸೈಕ್ಸ್. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಇವನು 1839ರ ಹೊತ್ತಿಗೆ ಪ್ರಕಟಿಸಿದ ವಿವರಣೆಗಳಲ್ಲಿ ಭೀಮೆ, ಮುಳಾ ಮುಠಾಗಳ ಅನೇಕ ಜಾತಿಗಳಿಗೆ ಶಾಸ್ತ್ರೀಯ ನಾಮಗಳು ದೊರೆತವು. ಅವನು ಅನೇಕ ಜಾತಿಗಳಿಗೆ ಮೀನುಗಾರರ ಬಾಯಲ್ಲಿದ್ದ ಮರಾಠಿ ಹೆಸರುಗಳನ್ನೇ ಲ್ಯಾಟಿನಿನ ಹೆಸರಾಗಿ ಉಳಿಸಿಕೊಂಡನೆಂಬುದು ಮೆಚ್ಚತಕ್ಕ ಸಂಗತಿ.

ಹೊಸದಾಗಿ ತುಂಬಿದ ಯಾವ ಜಲಾಶಯದಲ್ಲಿಯೂ ಮೊದಲ ಕೆಲವು ವರ್ಷ ಮುಳುಗಿದ ಹುಲ್ಲು, ಗಿಡ, ಗೊಬ್ಬರಗಳ ಸಾರದಿಂದ ಮೀನು ಅಪಾರವಾಗಿ ಬೆಳೆದು, ಅನಂತರ ಆ ಸಂಪತ್ತು ಕುಗ್ಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಮರಾಠವಾಡಾದ ಜಲಾಶಯಗಳಿಗೆ ಆ ಸ್ಥಿರತೆಯೂ ಇಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ಸೀಮೆಯಲ್ಲಿ ಮಳೆ ಒಂದು ವರ್ಷ ಬಂದು ಎರಡು ವರ್ಷ ಕೈಕೊಡುವುದು ಹೊಸತಲ್ಲ. 1972ರ ಬರವನ್ನು ಹಿರಿಯರು ಇಂದಿಗೂ ಕಾಲಗಣನೆಗೆ ಬಳಸುತ್ತಾರೆ; 2016ರ ಏಪ್ರಿಲ್‌ನಲ್ಲಿ ಲಾತೂರ ಪಟ್ಟಣಕ್ಕೆ ಕುಡಿಯುವ ನೀರನ್ನು ಮೀರಜದಿಂದ ರೈಲಿನಲ್ಲಿ ತರಬೇಕಾಯಿತು, ಮೊದಲ ಗಾಡಿ ತಂದದ್ದು 5 ಲಕ್ಷ ಲೀಟರು. ಇಂತಹ ವರ್ಷಗಳಲ್ಲಿ ನೀರು ತೂಬಿನ ಕೆಳಮಟ್ಟಕ್ಕೆ ಇಳಿದು, ಉಳಿದ ಮಡುವಿನಲ್ಲಿ ಮೀನುಗಳು ಒತ್ತೊತ್ತಾಗಿ ಕೂಡಿ, ಕಾದ ನೀರಿನಲ್ಲಿ ಉಸಿರಿಲ್ಲದೆ ಬಾಯಿ ಬಿಡುತ್ತವೆ. ಹಿಡಿಯದಿದ್ದರೂ ಸಾಯುವ ಮೀನನ್ನು ಹಿಡಿಯದೆ ಬಿಡುವವರಾರು? ಬಲೆಗೆ ಎಲ್ಲವೂ ಬರುತ್ತದೆ. ಮರುವರ್ಷ ನೀರು ಬಂದಾಗ ಜಲಾಶಯದ ಲೆಕ್ಕ ಸೊನ್ನೆಯಿಂದ, ಬೆರಳುದ್ದದ ಮರಿಗಳಿಂದ ಆರಂಭವಾಗುತ್ತದೆ. ಆದುದರಿಂದ ಮಾಕಣಿಯ ದೊಡ್ಡ ಮೀನಿನ ಮಾತು ಕೇಳಿ ಹೊರಡುವ ಮೊದಲು, ಹಿಂದಿನ ಎರಡು ಮೂರು ವರ್ಷ ಕಟ್ಟೆ ತುಂಬಿತ್ತೇ ಎಂದು ವಿಚಾರಿಸಬೇಕು. ತುಂಬಿದ್ದರೆ ಮೂರು ವರ್ಷದ ಕಾಟ್ಲಾ ಹತ್ತು ಸೇರನ್ನು ಮೀರಬಹುದು. ಬತ್ತಿದ್ದರೆ ಸಂಜೆಯವರೆಗೆ ಜಿಲೇಬಿ ಮೀನೇ ಗತಿ.

ಸಾಧನಗಳಲ್ಲಿ ಸ್ಥಳೀಯರದು ಸರಳವಾದುದು. ಹದವಾಗಿ ಬಳುಕುವ ಬಿದಿರಿನ ಕೋಲು, ನೈಲಾನ್ ದಾರ, ಸೀಸದ ಒಂದು ಗುಂಡು, ಹಿಮ್ಮುಳ್ಳಿನ ಕೊಕ್ಕೆ, ಒಣಗಿದ ಜೋಳದ ದಂಟನ್ನು ಸುಲಿದು ತೆಗೆದ ಬೆಂಡು ಅಥವಾ ನವಿಲುಗರಿಯ ಬುಡದ ಕಡ್ಡಿ. ಪಟ್ಟಣದವರ ರೀಲು, ನಾರುಗಾಜಿನ ಕೋಲುಗಳು ದೂರ ಎಸೆಯಲೂ ದೊಡ್ಡ ಮೀನನ್ನು ದಣಿಸಲೂ ಅನುಕೂಲವಾದುವೇ. ಆದರೆ ಈ ಜಲಾಶಯದ ಮೀನು ಬೆಳಗಿನ ಜಾವ ಮತ್ತು ಸಂಜೆ ದಡದ ಸಮೀಪಕ್ಕೇ ಬರುವುದರಿಂದ, ದೂರ ಎಸೆಯುವುದೇ ಕುಶಲತೆಯೆಂದು ಭಾವಿಸಬೇಕಾಗಿಲ್ಲ. ಎರೆ ಕಲಸುವುದರಲ್ಲಿ ನಿಜವಾದ ಕೈಗುಣ ಕಾಣುತ್ತದೆ. ಗೋಧಿ ಅಥವಾ ಜೋಳದ ಹಿಟ್ಟಿಗೆ ಹುರಿದ ಶೇಂಗಾದ ಹಿಂಡಿಯನ್ನು ಪುಡಿ ಮಾಡಿ ಸೇರಿಸಿ, ಸ್ವಲ್ಪ ಬೆಲ್ಲದ ನೀರು ಚಿಮುಕಿಸಿ, ನಾದುತ್ತ ನಾದುತ್ತ ಹತ್ತಿಯ ಎಳೆಗಳನ್ನು ಬಿಡಿಬಿಡಿಯಾಗಿ ಹಾಕುತ್ತ ಹೋಗಬೇಕು. ಹತ್ತಿಯಿಲ್ಲದ ಕಣಕ ನೀರಿಗೆ ಬಿದ್ದ ಸ್ವಲ್ಪ ಹೊತ್ತಿನಲ್ಲಿ ಕರಗಿ ಹೋಗುತ್ತದೆ, ಹತ್ತಿ ಹೆಚ್ಚಾದರೆ ಮೀನು ಬಾಯಲ್ಲಿ ತೆಗೆದುಕೊಂಡು ಉಗುಳುತ್ತದೆ. ಹದ ಬಂದಿತೆಂಬುದಕ್ಕೆ ಗುರುತು, ಉಂಡೆಯನ್ನು ಎರಡು ಬೆರಳುಗಳಿಂದ ಎಳೆದಾಗ ಅದು ಹರಿಯದೆ ಎಳೆಯೆಳೆಯಾಗಿ ಬಿಡಿಸಿಕೊಳ್ಳುವುದು. ಕಾಟ್ಲಾ ನೀರಿನ ಮೇಲ್ಪದರದ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವುದರಿಂದ ಅದಕ್ಕೆ ಸಡಿಲವಾಗಿ ಉದುರುವ ಎರೆಯನ್ನು ಮೇಲೆಯೇ ತೂಗಬಿಡಬೇಕು, ರೋಹು ನಡುನೀರಿನದು, ಮೃಗಾಲ ತಳವನ್ನು ಕೆದಕುವುದು, ಅದಕ್ಕೆ ಗಟ್ಟಿ ಉಂಡೆಯನ್ನು ನೆಲಕ್ಕೆ ತಾಗಿಸಬೇಕು. ತಳದ ಮೀನು ಎರೆಯನ್ನೂ ಗುಂಡನ್ನೂ ಎತ್ತಿದಾಗ ನೆಟ್ಟಗಿದ್ದ ಬೆಂಡು ಮುಳುಗುವ ಬದಲು ಮೇಲಕ್ಕೆ ಎದ್ದು ಅಡ್ಡ ಬೀಳುತ್ತದೆ. ಹೊಸಬರು ಮುಳುಗಲೆಂದು ಕಾಯುತ್ತ ಕುಳಿತು ಮೀನನ್ನು ಕಳೆದುಕೊಳ್ಳುತ್ತಾರೆ.

ಕಾಲದ ವಿಚಾರದಲ್ಲಿ ಈ ಸೀಮೆಯವರು ಮಳೆನಕ್ಷತ್ರಗಳನ್ನು ಅನುಸರಿಸುತ್ತಾರೆ. ಮಿರಗದ ಮಳೆ ಕೂಡಿ ಹಳ್ಳಕ್ಕೆ ಕೆಂಪು ನೀರು ಬಂದೊಡನೆ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಹೊಲದ ಬದುಗಳವರೆಗೂ ಏರುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು ಎಂದು ಕರೆದು ಊರಿಗೆ ಊರೇ ಕತ್ತಿ, ಕೂಣಿಗಳೊಡನೆ ಇಳಿಯುವುದುಂಟು. ಇಲ್ಲಿ ಬೀಸುಬಲೆ, ಬುಟ್ಟಿ, ಸೀರೆಯ ಸೆರಗು ಏನು ಸಿಕ್ಕರೆ ಅದು. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವ ಈ ಸಂಭ್ರಮವು ಎಷ್ಟೇ ಹಳೆಯದಾಗಿದ್ದರೂ, ಅಣೆಕಟ್ಟುಗಳಿಂದ ದಾರಿ ತುಂಡಾಗಿರುವ ಇಂದಿನ ನದಿಗೆ ಅದು ತಾಳಲಾರದ ನಷ್ಟ. ಶ್ರಾವಣದಲ್ಲಿ ಮಾಂಸ ಮೀನುಗಳನ್ನು ತಿನ್ನುವವರೂ ಬಿಡುವ ವ್ರತವು ಈ ಋತುವಿನ ಕೊನೆಯ ಭಾಗಕ್ಕೆ ಸ್ವಲ್ಪ ರಕ್ಷಣೆ ಕೊಡುತ್ತದೆ. ಗಾಳಕ್ಕೆ ಒಳ್ಳೆಯ ಕಾಲ ಎರಡು: ನವರಾತ್ರಿಯಿಂದ ದೀಪಾವಳಿಯ ತರುವಾಯದವರೆಗೆ, ನೀರು ತಿಳಿಯಾಗುತ್ತ ಬಂದು ಗೆಂಡೆಗಳು ಹಸಿದು ತಿರುಗುವಾಗ, ಮತ್ತೆ ಶಿವರಾತ್ರಿಯ ಮೇಲೆ, ಚಳಿ ಬಿಟ್ಟು ನೀರು ಬೆಚ್ಚಗಾದಾಗ. ಚಳಿಗಾಲದ ನಡುವೆ ಮೀನು ಆಳಕ್ಕೆ ಇಳಿದು ಮೇವು ಕಡಿಮೆ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಬಯಲಿನಲ್ಲಿ ನೆರಳೇ ಇಲ್ಲವಾದುದರಿಂದ, ನಡುಹಗಲನ್ನು ಹಳ್ಳಿಯಲ್ಲಿ ಕಳೆಯುವುದು ವಿವೇಕ.

ಹಳ್ಳಿಯ ಆತಿಥ್ಯದಲ್ಲಿ ಒಂದು ಸೂಕ್ಷ್ಮವುಂಟು. ಇಲ್ಲಿನ ಕನ್ನಡ ಮನೆಗಳಲ್ಲಿ ಬಹುಪಾಲು ಲಿಂಗವಂತರವು; ಅವರ ಒಲೆಗೆ ಮೀನು ಏರದು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬೇಳೆಯ ಪಲ್ಯವನ್ನು ಪ್ರೀತಿಯಿಂದ ಬಡಿಸುವ ಮನೆಯ ಅಂಗಳಕ್ಕೆ ಹಿಡಿದ ಮೀನನ್ನು ತೂಗಾಡಿಸಿಕೊಂಡು ಹೋಗುವುದು ಆ ಮನೆಯವರಿಗೆ ನೋವನ್ನುಂಟುಮಾಡುತ್ತದೆ. ಮೀನನ್ನು ಬೇಯಿಸುವುದಾದರೆ ದಡದಲ್ಲಿ, ಮೀನುಗಾರರ ಬಿಡಾರದ ಒಲೆಯಲ್ಲಿ. ಅಲ್ಲಿ ಎಳ್ಳು, ಒಣಕೊಬ್ಬರಿ, ಕೆಂಪು ಖಾರ ಅರೆದು ಮಾಡುವ ರಸ್ಸಾದ ರುಚಿ ಪೇಟೆಯ ಯಾವ ಭೋಜನಾಲಯದಲ್ಲಿಯೂ ಸಿಕ್ಕದು.

ಕರ್ನಾಟಕದಲ್ಲಿ ಗಾಳಬೇಟೆಯೆಂದರೆ ಕಾವೇರಿಯನ್ನು ನೆನೆಯುವವರೇ ಹೆಚ್ಚು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳಬೇಟೆಯನ್ನು ಕುರಿತ ತನ್ನ ಹೆಸರಾಂತ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನನ್ನು ಗಾಳದಿಂದ ಹಿಡಿದುದು ಇಂದಿಗೂ ದಾಖಲೆ. ಆ ಡುಬ್ಬದ ಮಹಶೀರಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಶ್ಚಿತವಾದದ್ದೇ 2018ರಲ್ಲಿ, ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಭೀಮೇಶ್ವರಿಯಂತಹ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡುವ ಕ್ರಮವೂ, ಸ್ಥಳೀಯ ಮೀನುಗಾರರನ್ನೇ ದಾರಿಕಾರರನ್ನಾಗಿ ನೇಮಿಸಿಕೊಳ್ಳುವ ಕ್ರಮವೂ ಬೆಳೆದಿದ್ದವು. ವನ್ಯಧಾಮದೊಳಗೆ ಗಾಳವನ್ನು ನಿಷೇಧಿಸಿದ ಮೇಲೆ ಅವು ನಿಂತುವು. ತೇರಣಾದಲ್ಲಿ ಅಂತಹ ಮಹಾಮೀನೂ ಇಲ್ಲ, ಅಂತಹ ಶಿಬಿರವೂ ಇಲ್ಲ. ಆದರೆ ಮೀನುಗಾರನನ್ನು ದಾರಿಕಾರನನ್ನಾಗಿ ಮಾಡಿಕೊಂಡು ಅವನಿಗೆ ದಿನದ ಸಂಬಳ ಕೊಡುವ ಪದ್ಧತಿಯನ್ನು ಇಲ್ಲಿ ಆರಂಭಿಸಲು ಯಾವ ಅಡ್ಡಿಯೂ ಕಾಣದು. ಬರದ ವರ್ಷದಲ್ಲಿ ಬಲೆ ಬರಿದಾದವನಿಗೆ ಅದರಿಂದ ಒಂದಿಷ್ಟು ಆಸರೆಯಾದೀತು. ಸಿಡಿಮದ್ದು ಹಾಕಿಯೋ ವಿಷ ಬೆರೆಸಿಯೋ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ಅಪರಾಧವೆಂದು ಸಾರಿದೆ. ಹೊಳೆಯ ಒಂಟಿ ಮಡುಗಳಲ್ಲಿ ಅಂತಹ ಕೃತ್ಯವನ್ನು ತಡೆಯಲು ದಡದಲ್ಲಿ ಕುಳಿತ ದಾರಿಕಾರನಿಗಿಂತ ಉತ್ತಮನಾದ ಕಾವಲುಗಾರನಿಲ್ಲ.

ಮಾಕಣಿಗೆ ಹೋಗುವವರು ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಉಮರಗಾದವರೆಗೆ ಬಂದು ಉತ್ತರಕ್ಕೆ ತಿರುಗಬೇಕು. ಅದೇ ಹೆದ್ದಾರಿಯ ಪಶ್ಚಿಮಕ್ಕೆ ನಳದುರ್ಗದ ಕೋಟೆಯಲ್ಲಿ, ಬೋರಿ ನದಿಗೆ ಅಡ್ಡಲಾಗಿ ಆದಿಲ್‌ಶಾಹಿ ಕಾಲದಲ್ಲಿ ಕಟ್ಟಿದ ಕಟ್ಟೆಯೂ ಅದರ ಒಡಲಿನಲ್ಲಿಯೇ ಅಡಗಿದ ಪಾನಿಮಹಲೂ ನೋಡತಕ್ಕವು. ಮಳೆಗಾಲದಲ್ಲಿ ನೀರು ಮಹಲಿನ ಮೇಲಿನಿಂದ ಎರಡು ಧಾರೆಯಾಗಿ ಧುಮುಕುತ್ತದೆ. ಪೂರ್ವಕ್ಕೆ ಹೋದರೆ ಸೋಮೇಶ್ವರನ ಕಲ್ಯಾಣವೇ ಆದ ಬಸವಕಲ್ಯಾಣ. ಮುಂದೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯ, ಮಾಕಣಿಗಿಂತ ಆಳವಾದ ನೀರು, ಮರಳ ಮತ್ತು ಕಾಟ್ಲಾಗಳಿಗೆ ಬೀದರದವರಲ್ಲಿ ಹೆಸರಾದುದು. ಇಲ್ಲಿಯೂ ಸಂಘದ ಒಪ್ಪಿಗೆ ಬೇಕು. ಮಾಂಜರಾದ ಜೊತೆಗೆ ಇನ್ನೂ ಕೆಳಕ್ಕೆ ಇಳಿದು ಸಂಗಾರೆಡ್ಡಿಯ ಸೀಮೆಯನ್ನು ಮುಟ್ಟಿದವನು ಕೋಲನ್ನು ಮಡಿಚಿಡಬೇಕು. ಅಲ್ಲಿ ನದಿಯ ಒಂದು ಭಾಗ 1978ರಿಂದ ಮೊಸಳೆಗಳ ಅಭಯಧಾಮ. ಮೊಸಳೆ ಮತ್ತು ಹಕ್ಕಿಗಳಿಗಾಗಿ ಮೀಸಲಾದ ಆ ನೀರಿನಲ್ಲಿ ಗಾಳಕ್ಕೆ ಎಡೆಯಿಲ್ಲ.